ಯುಗಾದಿಯಿಂದ ಯುಗಾದಿಗೆ: ಜೀತದಾಳಿನ ಹಬ್ಬ

ಈಗ ವಿಜಯನಗರ ಜಿಲ್ಲೆಗೆ ಸೇರಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಮಳೆಯಾಶ್ರಿತ ಸೀಮೆಯಲ್ಲಿ, ಮುಂಗಡವಾಗಿ ಪಡೆದ ಸಾಲ ತೀರುವವರೆಗೆ ಸಾಲಗಾರನೋ ಅವನ ಮಗನೋ ಧಣಿಯ ಹೊಲಮನೆಗಳಲ್ಲಿ ದುಡಿಯಬೇಕಾಗಿದ್ದ ಕಟ್ಟುಪಾಡಿಗೆ ಜೀತವೆಂದು ಹೆಸರಿತ್ತು. ಜೀತದ ವರ್ಷವನ್ನು ಯುಗಾದಿಯಿಂದ ಯುಗಾದಿಗೆ ಎಣಿಸುತ್ತಿದ್ದುದರಿಂದ, ಊರೆಲ್ಲ ಎಣ್ಣೆನೀರು ಎರೆದುಕೊಂಡು ಬೇವುಬೆಲ್ಲ ಹಂಚುವ ಹೊತ್ತು ಆಳಿಗೆ ಲೆಕ್ಕದ ಹೊತ್ತೂ ಆಗಿತ್ತು. ಧಣಿ ಕೊಟ್ಟ ಕಂಬಳಿ, ಕೆರ, ಹೊಟ್ಟೆಗೆ ಅಳೆದ ಜೋಳ ಕೂಲಿಯ ಭಾಗವಾಗಿದ್ದರೆ, ಮದುವೆಗೋ ಕಾಯಿಲೆಗೋ ತಂದ ಹಣ ಹಳೆಯ ಸಾಲದ ಮೇಲೆ ಕೂಡಿ, ಹೋಳಿಗೆ ಉಂಡ ಕೈಯೇ ಮತ್ತೊಂದು ವರ್ಷದ ಪತ್ರಕ್ಕೆ ಹೆಬ್ಬೆಟ್ಟು ಒತ್ತುತ್ತಿತ್ತು. ಕೊಟ್ಟೂರಿನ ತೇರಿಗೆ, ಮೈಲಾರದ ಕಾರಣಿಕಕ್ಕೆ ಹೋಗುವುದಕ್ಕೂ ಅವನಿಗೆ ಅಪ್ಪಣೆ ಬೇಕಿತ್ತು.

ಅಮೆರಿಕದ ದಕ್ಷಿಣ ರಾಜ್ಯಗಳ ಗುಲಾಮರಿಗೂ ಕ್ರಿಸ್‌ಮಸ್‌ನ ಬಿಡುವಿನ ಬೆನ್ನಿಗೇ ಜನವರಿ 1 ಬರುತ್ತಿತ್ತು. ಅಂದು ಅವರಲ್ಲಿ ಹಲವರನ್ನು ವರ್ಷದ ಬಾಡಿಗೆಗೆ ಬೇರೆ ಒಡೆಯರಿಗೆ ಒಪ್ಪಿಸಿ ಕುಟುಂಬಗಳನ್ನು ಅಗಲಿಸುತ್ತಿದ್ದರು. ಗುಲಾಮಗಿರಿಯಿಂದ ತಪ್ಪಿಸಿಕೊಂಡ ಫ್ರೆಡರಿಕ್ ಡಗ್ಲಸ್, 1845ರ ಆತ್ಮಕಥನದಲ್ಲಿ, ಈ ರಜೆಗಳು ದಂಗೆಯ ಮನಸ್ಸನ್ನು ತಣಿಸುವ ಉಪಾಯವೆಂದು ವಾದಿಸಿದರು. ಜೀತದಾಳನ್ನು ಸಂತೆಯಲ್ಲಿ ಮಾರುತ್ತಿರಲಿಲ್ಲವೆಂಬ ವ್ಯತ್ಯಾಸ ದೊಡ್ಡದೇ. ಆದರೂ ಧಣಿಯ ಹಬ್ಬದೂಟವನ್ನು ಬರೀ ಔದಾರ್ಯವೆಂದು ಓದುವ ಇತಿಹಾಸ ಅನ್ಯಾಯದ್ದು.

ಭಾರತದಲ್ಲಿ 1843ರ ಕಾಯ್ದೆ ಗುಲಾಮಗಿರಿಗಿದ್ದ ನ್ಯಾಯಾಲಯದ ಮಾನ್ಯತೆಯನ್ನು ತೆಗೆದುಹಾಕಿದರೂ ಸಾಲದ ಹೆಸರಿನ ದುಡಿಮೆ ಉಳಿಯಿತು. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ, 1975ರ ಅಕ್ಟೋಬರ್ 25ರಿಂದಲೇ ಪೂರ್ವಾನ್ವಯವಾಗಿ, ಆ ಸಾಲಗಳನ್ನೆಲ್ಲ ಅಳಿಸಿ, ಜೀತಕ್ಕೆ ಬಲವಂತಪಡಿಸುವವರಿಗೆ 3 ವರ್ಷದವರೆಗಿನ ಸೆರೆವಾಸ ವಿಧಿಸಿತು.