ದಡದಲ್ಲಿರುವ ಬೋಟಿನ ಎಂಜಿನ್ ಅನ್ನು ನೀರಿಲ್ಲದೆ ‘ಒಂದೇ ನಿಮಿಷ’ ಓಡಿಸಿದರೆ ಏನೂ ಆಗುವುದಿಲ್ಲವೇ?

ಕರ್ನಾಟಕದ ಕರಾವಳಿಯಲ್ಲಿ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮಲ್ಪೆ, ಮಂಗಳೂರು, ಕಾರವಾರದ ಬೋಟುಗಳಿಗೆ ಇದು ರಿಪೇರಿಯ ಕಾಲ. ‘ಎಂಜಿನ್ ಜಾಮ್ ಆಗದಿರಲು ಆಗಾಗ ಒಂದು ನಿಮಿಷ ಸ್ಟಾರ್ಟ್ ಮಾಡಿ, ನೀರಿಲ್ಲದಿದ್ದರೂ ಅಷ್ಟರಲ್ಲಿ ಬಿಸಿಯಾಗುವುದಿಲ್ಲ’ ಎಂಬ ಸಲಹೆ ಆಗ ಕೇಳಿಬರುತ್ತದೆ. ಇದು ನಿಜವೇ? ನೋಡೋಣ.

ಅರ್ಧ ಮಾತ್ರ ನಿಜ

ಒಂದು ನಿಮಿಷದಲ್ಲಿ ಎಂಜಿನ್ ಅತಿಯಾಗಿ ಬಿಸಿಯಾಗದು. ಆದರೆ ಅದಕ್ಕೆ ನೀರು ಪೂರೈಸುವ ಪಂಪ್ ಅಷ್ಟರಲ್ಲೇ ಹಾಳಾಗಬಹುದು.

ಬೋಟಿನ ಅನೇಕ ಡೀಸೆಲ್ ಎಂಜಿನ್‌ಗಳಲ್ಲಿ ಎರಡು ಪಂಪ್‌ಗಳಿರುತ್ತವೆ. ಒಂದು ಎಂಜಿನ್ ಒಳಗೆ ಕೂಲೆಂಟ್ ಅನ್ನು ಸುತ್ತಿಸುತ್ತದೆ. ಇನ್ನೊಂದು ಸಮುದ್ರದ ನೀರನ್ನು ಎಳೆದು ಹೀಟ್ ಎಕ್ಸ್‌ಚೇಂಜರ್‌ಗೆ ಕಳಿಸುತ್ತದೆ. ಅಲ್ಲಿ ಕೂಲೆಂಟ್‌ನ ಬಿಸಿಯನ್ನು ಪಡೆದ ನೀರು ಹೊರಗೆ ಹೋಗುತ್ತದೆ. ಲೀಟರ್‌ಗೆ ಸುಮಾರು 35 ಗ್ರಾಂ ಉಪ್ಪಿರುವ ನೀರು ನೇರವಾಗಿ ಎಂಜಿನ್ ಒಳಗೆ ಹರಿದರೆ ಲೋಹ ತುಕ್ಕು ಹಿಡಿಯುತ್ತದೆ ಎಂಬ ಕಾರಣಕ್ಕೆ ಈ ಏರ್ಪಾಡು.

ಸಮುದ್ರದ ನೀರಿನ ಪಂಪ್‌ನಲ್ಲಿ ಸಾಮಾನ್ಯವಾಗಿ ಹೂವಿನ ಎಸಳುಗಳಂತೆ ರೆಕ್ಕೆಗಳಿರುವ ರಬ್ಬರ್ ಇಂಪೆಲ್ಲರ್ ಇರುತ್ತದೆ. ತಿರುಗುವಾಗ ಈ ರೆಕ್ಕೆಗಳು ಲೋಹದ ಗೋಡೆಗೆ ಒತ್ತಿಕೊಂಡು ಬಾಗುತ್ತವೆ, ಮತ್ತೆ ನೇರವಾಗುತ್ತವೆ. ಹೀಗೆ ನೀರು ಒಳಗೆ ಎಳೆಯಲ್ಪಡುತ್ತದೆ. ರಬ್ಬರ್ ಮತ್ತು ಲೋಹದ ನಡುವೆ ಎಣ್ಣೆಯ ಕೆಲಸ ಮಾಡುವುದೂ ಆ ನೀರೇ. ನೀರಿಲ್ಲದಿದ್ದರೆ ಉಜ್ಜಾಟದಿಂದ ರೆಕ್ಕೆಯ ತುದಿಗಳು ಕೆಲವೇ ಕ್ಷಣಗಳಲ್ಲಿ ಬಿಸಿಯಾಗಿ ಸುಡಲು ಶುರುವಾಗುತ್ತವೆ. ತಾಪಮಾನದ ಮೀಟರ್‌ನಲ್ಲಿ ಆಗ ಏನೂ ಕಾಣಿಸುವುದಿಲ್ಲ. ಗೊತ್ತಾಗುವುದು ಆಗಸ್ಟ್‌ನಲ್ಲಿ, ದಡದಿಂದ ದೂರ ಹೋದ ಮೇಲೆ.

‘ನೀರು ಹೊರಬರುತ್ತಿದ್ದರೆ ಪಂಪ್ ಸರಿಯಿದೆ’ ಎನ್ನಬಹುದೇ?

ಪೂರ್ತಿ ಹಾಗೆನ್ನಲಾಗದು. ಒಂದೆರಡು ರೆಕ್ಕೆ ತುಂಡಾದರೂ ಸ್ವಲ್ಪ ನೀರು ಬರುತ್ತಲೇ ಇರುತ್ತದೆ. ಬಲೆ ಎಳೆಯುವಾಗ ಎಂಜಿನ್ ಮೇಲೆ ಹೊರೆ ಬಿದ್ದರೆ ಅದು ಸಾಲುವುದಿಲ್ಲ. ಎಂದಿನಷ್ಟೇ ಜೋರಾಗಿ ಬರುತ್ತಿದೆಯೇ ಎಂದು ನೋಡಬೇಕು.

ಕಡಲಿಗಿಳಿಯುವ ಮೊದಲು ಏನು ಮಾಡಬೇಕು?

1. ಪಂಪ್ ಬಿಚ್ಚುವ ಮೊದಲು ಸಮುದ್ರದ ನೀರು ಒಳಬರುವ ವಾಲ್ವ್ ಮುಚ್ಚಿ. ಇಲ್ಲದಿದ್ದರೆ ನೀರಿನಲ್ಲಿರುವ ಬೋಟಿನೊಳಗೆ ನೀರು ನುಗ್ಗಬಹುದು.

2. ಇಂಪೆಲ್ಲರ್ ಹೊರತೆಗೆದು ರೆಕ್ಕೆಗಳನ್ನು ಬಗ್ಗಿಸಿ ನೋಡಿ. ಬಿರುಕಿದ್ದರೆ, ಬಾಗಿದ್ದು ನೇರವಾಗದಿದ್ದರೆ ಬದಲಿಸಿ. ತಿಂಗಳುಗಟ್ಟಲೆ ಒಂದೇ ಕಡೆ ಒತ್ತಿಕೊಂಡಿದ್ದರೆ ಹೀಗಾಗುತ್ತದೆ. ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು.

3. ರೆಕ್ಕೆಯ ತುಂಡು ಕಾಣೆಯಾಗಿದ್ದರೆ ಹುಡುಕಿ ತೆಗೆಯಲೇಬೇಕು. ಅದು ಪೈಪ್ ಅಥವಾ ಹೀಟ್ ಎಕ್ಸ್‌ಚೇಂಜರ್‌ನಲ್ಲಿ ಸಿಕ್ಕಿಕೊಂಡು ಹೊಸ ಇಂಪೆಲ್ಲರ್‌ನ ನೀರಿಗೂ ಅಡ್ಡವಾಗಬಹುದು.

4. ಹೊಸದನ್ನು ಕೂರಿಸುವಾಗ ಗ್ಲಿಸರಿನ್ ಅಥವಾ ಪಾತ್ರೆ ತೊಳೆಯುವ ದ್ರವ ಸವರಿ. ಎಂಜಿನ್ ಆಯಿಲ್, ಮಾಮೂಲಿ ಗ್ರೀಸ್ ಬೇಡ. ಅವು ರಬ್ಬರನ್ನು ಹಾಳುಮಾಡಬಹುದು.

5. ಪಂಪ್‌ನ ಕೆಳಭಾಗದ ಸಣ್ಣ ತೂತಿನಿಂದ ನೀರು ತೊಟ್ಟಿಕ್ಕಿದರೆ ಒಳಗಿನ ಸೀಲ್ ಸವೆದಿದೆ ಎಂದರ್ಥ. ತೂತು ಮುಚ್ಚಬೇಡಿ, ಸೀಲ್ ಬದಲಿಸಿ. ತೂತು ಮುಚ್ಚಿದರೆ ಉಪ್ಪುನೀರು ಬೇರಿಂಗ್ ಅಥವಾ ಎಂಜಿನ್ ಆಯಿಲ್ ಕಡೆಗೆ ಹೋಗಬಹುದು.

6. ನೀರು ಸೋಸುವ ಜಾಲರಿಯಲ್ಲಿನ ಕಸ ತೆಗೆಯಿರಿ. ವಾಲ್ವ್ ತೆರೆದ ಮೇಲಷ್ಟೇ ಸ್ಟಾರ್ಟ್ ಮಾಡಿ. ಅರ್ಧ ನಿಮಿಷದೊಳಗೆ ನೀರು ಹೊರಬರದಿದ್ದರೆ ತಕ್ಷಣ ನಿಲ್ಲಿಸಿ.

ದಡದಲ್ಲೇ ಸ್ಟಾರ್ಟ್ ಮಾಡಬೇಕಾದರೆ ಎಂಜಿನ್ ಕೈಪಿಡಿಯಲ್ಲಿ ಹೇಳಿದಂತೆ ಪಂಪ್‌ಗೆ ಹೊರಗಿನಿಂದ ನೀರು ಕೊಡಬೇಕು. ಔಟ್‌ಬೋರ್ಡ್ ಮೋಟಾರಿಗೂ ಇದೇ ನಿಯಮ.

ತೀರ್ಮಾನ

‘ಒಂದು ನಿಮಿಷ ನೀರಿಲ್ಲದೆ ಓಡಿಸಿದರೆ ತೊಂದರೆಯಿಲ್ಲ’ ಎಂಬುದು ತಪ್ಪು ಸಲಹೆ. ಇಂಪೆಲ್ಲರ್ ಸಣ್ಣ ರಬ್ಬರ್ ಭಾಗ. ಅದು ಕೈಕೊಟ್ಟರೆ ಎಂಜಿನ್ ನಿಲ್ಲುತ್ತದೆ, ಜನ ನಡುಗಡಲಿನಲ್ಲಿ ಸಿಲುಕುತ್ತಾರೆ. ಬೋಟಿನವರು ನಿಮ್ಮ ಪರಿಚಯದಲ್ಲಿದ್ದರೆ, ಈ ಸಲಹೆಯ ಬದಲು ಮೇಲಿನ ಆರು ಅಂಶಗಳನ್ನು ಕಳಿಸಿ.