ಲಾಗ್ ಸಂಸ್ಕರಣೆಯಲ್ಲಿ ಷರತ್ತುಬದ್ಧ ಕ್ಷೇತ್ರ ಪರಿವರ್ತನೆ
ಸರ್ವರ್‌ಗಳು ಬರೆದಿಡುವ ಲಾಗ್ ದಾಖಲೆಗಳ ಕ್ಷೇತ್ರಗಳನ್ನು, ಗೊತ್ತುಪಡಿಸಿದ ಷರತ್ತು ಪೂರೈಸಿದಾಗ ಮಾತ್ರ, ಶೇಖರಣೆಗೆ ಮುನ್ನ ಬದಲಿಸುವ ವಿಧಾನ. ಜೋರ್ಡನ್ ಸಿಸೆಲ್ 2009ರಲ್ಲಿ ಆರಂಭಿಸಿದ ಲಾಗ್‌ಸ್ಟ್ಯಾಶ್ ತಂತ್ರಾಂಶದಲ್ಲಿ ಷರತ್ತನ್ನು ‘ಇಫ್’ ಎಂದು ಬರೆಯುತ್ತಾರೆ. ಬದಲಾವಣೆ ಮಾಡುವುದು ‘ಮ್ಯುಟೇಟ್’ ಫಿಲ್ಟರ್. ಎಡವುವುದು ಹೆಚ್ಚಾಗಿ ಸಮಯದ ಕ್ಷೇತ್ರದಲ್ಲಿ. ಪುಣೆಯ ಸರ್ವರೊಂದು ಬೆಳಗಿನ 10:30 ಎಂದು ಬರೆದದ್ದು ಯುಟಿಸಿ 05:00 ಆಗಿ ಉಳಿಯಬೇಕು. ಸಾಲಿನಲ್ಲಿ ಕಾಲವಲಯದ ಗುರುತಿಲ್ಲದಿದ್ದರೆ ಸಮಯವನ್ನು ಓದುವ ‘ಡೇಟ್’ ಫಿಲ್ಟರಿಗೆ ‘ಏಷ್ಯಾ/ಕೋಲ್ಕತಾ’ ಎಂದು ತಿಳಿಸಬೇಕು. ಇಲ್ಲವಾದರೆ, ಸಂಸ್ಕರಿಸುವ ಯಂತ್ರ ಯುಟಿಸಿಯಲ್ಲಿದ್ದಲ್ಲಿ, ಘಟನೆ ಐದೂವರೆ ಗಂಟೆ ಮುಂದಕ್ಕೆ ಹೋಗುತ್ತದೆ. ಷರತ್ತಿನಲ್ಲಿ, ಪಠ್ಯವಾಗಿ ಬಂದ ‘500’ ಅನ್ನು ಸಂಖ್ಯೆಯಾಗಿಸಿದ ಮೇಲೆಯೇ ಬೇರೆ ಸಂಖ್ಯೆಯೊಂದಿಗೆ ಹೋಲಿಸಬೇಕು. ಒಂದೇ ಮ್ಯುಟೇಟ್‌ನೊಳಗಿನ ಕ್ರಿಯೆಗಳು ಬರೆದ ಕ್ರಮದಲ್ಲಿ ನಡೆಯುವುದಿಲ್ಲ: ಮರುನಾಮಕರಣ ಮೊದಲು, ಸಂಖ್ಯೆಗೆ ಪರಿವರ್ತನೆ ನಂತರ. ಬೇರೆ ಕ್ರಮ ಬೇಕಿದ್ದರೆ ಪ್ರತ್ಯೇಕ ಮ್ಯುಟೇಟ್ ಬ್ಲಾಕ್‌ಗಳನ್ನೇ ಬರೆಯಬೇಕು.