ಅವಕೆಂಪು ಸಮೀಕ್ಷಾ ಚಿತ್ರಗಳಲ್ಲಿ ಪ್ರಖರ ನಕ್ಷತ್ರಗಳ ಮಾಸ್ಕಿಂಗ್

ಅವಕೆಂಪು ಕಿರಣಗಳಲ್ಲಿ ತೆಗೆದ ಆಕಾಶಚಿತ್ರಗಳಲ್ಲಿ ಪ್ರಖರ ನಕ್ಷತ್ರದ ಬೆಳಕಿನಿಂದ ಅಳತೆ ಕೆಟ್ಟಿರುವ ಜಾಗವನ್ನು ಗುರುತಿಸಿ ಲೆಕ್ಕದಿಂದ ಹೊರಗಿಡುವುದಕ್ಕೆ ಮಾಸ್ಕಿಂಗ್ ಎನ್ನುತ್ತಾರೆ. ಮೂಲ ಚಿತ್ರದಲ್ಲಿ ಏನನ್ನೂ ಅಳಿಸುವುದಿಲ್ಲ. ಅದೇ ಅಳತೆಯ ಇನ್ನೊಂದು ಕಡತದಲ್ಲಿ ಯಾವ ಪಿಕ್ಸೆಲ್ ಯಾವ ಕಾರಣಕ್ಕೆ ನಂಬಲರ್ಹವಲ್ಲ ಎಂಬುದನ್ನು ಅಂಕೆಗಳಲ್ಲಿ ಬರೆದಿಡುತ್ತಾರೆ. ಈ ಕಡತವೇ ಮಾಸ್ಕ್.

ಹುನಗುಂದ, ಬಾಗಲಕೋಟೆ ಕಡೆಯ ಎರೆಹೊಲದ ರೈತರು ಮುಂಗಾರು ಮಳೆಗಳನ್ನು ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ನಕ್ಷತ್ರಗಳ ಹೆಸರಿನಲ್ಲಿ ಎಣಿಸುತ್ತಾರೆ. ಇವುಗಳಲ್ಲಿ ರೋಹಿಣಿ ಮತ್ತು ಆರಿದ್ರಾ ಅವಕೆಂಪು ಸಮೀಕ್ಷೆಗೆ ದೊಡ್ಡ ತೊಡಕು. ಎರಡೂ ಉಬ್ಬಿದ ಕೆಂಪು ನಕ್ಷತ್ರಗಳು. ಮೇಲ್ಮೈ ಉಷ್ಣತೆ ಸುಮಾರು 3,500ರಿಂದ 4,000 ಕೆಲ್ವಿನ್. ಅಷ್ಟು ತಣ್ಣಗಿನ ಕಾಯದ ಬೆಳಕಿನ ಬಹುಪಾಲು ಕಣ್ಣಿಗೆ ಕಾಣದ ಅವಕೆಂಪಿನಲ್ಲೇ ಹೊರಬೀಳುತ್ತದೆ. ಬರಿಗಣ್ಣಿಗೆ ಆರಿದ್ರಾ ಸಾಮಾನ್ಯವಾಗಿ ಅಭಿಜಿತ್ ನಕ್ಷತ್ರಕ್ಕಿಂತ ಮಂಕು. ಆದರೆ 2.2 ಮೈಕ್ರಾನ್ ತರಂಗಾಂತರದಲ್ಲಿ ಅದು ಅಭಿಜಿತ್‌ಗಿಂತ ಸುಮಾರು 40 ಪಟ್ಟು ಪ್ರಕಾಶಮಾನ. ಆದ್ದರಿಂದ ದೃಗ್ಗೋಚರ ಬೆಳಕಿನ ನಕ್ಷತ್ರಪಟ್ಟಿಯನ್ನಷ್ಟೇ ನಂಬಿ ಅವಕೆಂಪು ಚಿತ್ರಕ್ಕೆ ಮಾಸ್ಕ್ ಬರೆದರೆ, ನೀಲಿ ನಕ್ಷತ್ರಗಳ ಸುತ್ತ ಒಳ್ಳೆಯ ಆಕಾಶ ವ್ಯರ್ಥವಾಗುತ್ತದೆ, ಕೆಂಪು ನಕ್ಷತ್ರಗಳ ಸುತ್ತ ಕೆಟ್ಟ ಆಕಾಶ ಉಳಿದುಕೊಳ್ಳುತ್ತದೆ.

ಪ್ರಖರ ನಕ್ಷತ್ರದ ಹಾವಳಿ ಹಲವು ಬಗೆಯದು. ನಡುವಿನ ಪಿಕ್ಸೆಲ್‌ಗಳು ತುಂಬಿ ತುಳುಕಿ ಅಳತೆಯ ಮಿತಿ ದಾಟುತ್ತವೆ. ಸುತ್ತಲೂ ಮಸುಕಾದ ಪ್ರಭಾವಳಿ ಹರಡುತ್ತದೆ. ದೂರದರ್ಶಕದ ಎರಡನೆಯ ಕನ್ನಡಿಯನ್ನು ಹಿಡಿದ ಪಟ್ಟಿಗಳಿಂದ ಬೆಳಕು ಬಾಗಿ ಉದ್ದನೆಯ ಮುಳ್ಳುಗಳಂಥ ಗೆರೆಗಳು ಮೂಡುತ್ತವೆ. ಮಸೂರ, ಶೋಧಕಗಳ ಒಳಗೆ ಪ್ರತಿಫಲಿಸಿದ ಬೆಳಕು ಬೇರೆಲ್ಲೋ ಸುಳ್ಳು ಬಿಂಬವಾಗಿ ಬೀಳುತ್ತದೆ. ಅವಕೆಂಪು ಸಂವೇದಕಗಳಲ್ಲಿ ಎದ್ದು ಕಾಣುವ ಇನ್ನೊಂದು ತೊಂದರೆಯಿದೆ: ದೂರದರ್ಶಕ ಬೇರೆ ದಿಕ್ಕಿಗೆ ತಿರುಗಿದ ಮೇಲೂ ಹಿಂದಿನ ನಕ್ಷತ್ರದ ಛಾಯೆ ಪಿಕ್ಸೆಲ್‌ಗಳಲ್ಲಿ ಉಳಿದು, ಮುಂದಿನ ಚಿತ್ರದ ಖಾಲಿ ಜಾಗದಲ್ಲಿ ಕಾಣಿಸಿಕೊಳ್ಳುತ್ತದೆ. ಆಕಾಶಕಾಯಗಳನ್ನು ತಾನಾಗಿ ಹುಡುಕುವ ತಂತ್ರಾಂಶ ಇವನ್ನೆಲ್ಲ ಹೊಸ ನಕ್ಷತ್ರ, ಗೆಲಾಕ್ಸಿಗಳೆಂದು ಪಟ್ಟಿಗೆ ಸೇರಿಸಿಬಿಡುತ್ತದೆ. ಜೊತೆಗೆ ಹಿನ್ನೆಲೆಯ ಬೆಳಕಿನ ಅಂದಾಜು ಏರುವುದರಿಂದ ನಿಜವಾದ ಮಂಕು ಗೆಲಾಕ್ಸಿಗಳು ಕಣ್ತಪ್ಪುತ್ತವೆ.

ಮಾಸ್ಕ್ ಹಾಕುವ ಮುನ್ನವೇ ಹಾನಿಯನ್ನು ತಗ್ಗಿಸುವ ದಾರಿಗಳಿವೆ. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕ ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿದೆ. ಅದನ್ನು ನಡೆಸುವುದು ಹೊಸಕೋಟೆಯ ಕೇಂದ್ರದಿಂದ, ಉಪಗ್ರಹ ಸಂಪರ್ಕದ ಮೂಲಕ. ಅದಕ್ಕೆ 2013ರಲ್ಲಿ ಅಳವಡಿಸಿದ ಟಿರ್‌ಸ್ಪೆಕ್ ಎಂಬ ಅವಕೆಂಪು ಉಪಕರಣ 1ರಿಂದ 2.5 ಮೈಕ್ರಾನ್‌ವರೆಗೆ ನೋಡುತ್ತದೆ. ಬೆಳಕು ಶೇಖರವಾಗುತ್ತಿರುವಾಗಲೇ ಅದರ ಸಂವೇದಕವನ್ನು ಮತ್ತೆ ಮತ್ತೆ ಓದಬಹುದು. ಪಿಕ್ಸೆಲ್ ಕೊನೆಗೆ ತುಂಬಿಹೋದರೂ ಅದಕ್ಕೂ ಮೊದಲಿನ ಓದುಗಳಿಂದ ಅಳತೆ ಸಿಗುತ್ತದೆ. ಟಿರ್‌ಸ್ಪೆಕ್ ಇಡೀ ಆಕಾಶವನ್ನು ಗುಡಿಸುವ ಸಮೀಕ್ಷಾ ಉಪಕರಣವಲ್ಲ. ಆದರೆ ಟೂಮಾಸ್ ಎಂಬ ಅವಕೆಂಪು ಸಮೀಕ್ಷೆಯೂ ಇದನ್ನೇ ಹೋಲುವ ಉಪಾಯವನ್ನು ಅನುಸರಿಸಿತ್ತು. 1997ರಿಂದ 2001ರವರೆಗೆ ಅಮೆರಿಕದ ಅರಿಜೋನಾ ಮತ್ತು ಚಿಲಿಯಲ್ಲಿದ್ದ 1.3 ಮೀಟರ್‌ನ ಎರಡು ದೂರದರ್ಶಕಗಳು ಪ್ರತಿ ಬಾರಿಯೂ 1.3 ಸೆಕೆಂಡಿನ ಚಿತ್ರದ ಜೊತೆಗೆ 51 ಮಿಲಿಸೆಕೆಂಡಿನ ಕಿರು ಓದನ್ನೂ ದಾಖಲಿಸಿದವು. ಆರಿದ್ರಾದಂಥ ನಕ್ಷತ್ರಗಳಿಗೆ ಅದೂ ಸಾಲಲಿಲ್ಲ. 2.2 ಮೈಕ್ರಾನ್‌ನಲ್ಲಿ ಟೂಮಾಸ್ ಚೆನ್ನಾಗಿ ಅಳೆಯಬಲ್ಲ ಅತಿ ಮಂಕು ಕಾಯಕ್ಕಿಂತ ಆರಿದ್ರಾ ಸುಮಾರು 2 ಕೋಟಿ ಪಟ್ಟು ಪ್ರಕಾಶಮಾನ.

ಮಾಸ್ಕಿನ ವಿಸ್ತಾರವನ್ನು ನಿರ್ಧರಿಸುವುದೇ ಈ ಕೆಲಸದ ಕಷ್ಟದ ಭಾಗ. ಒಂದೇ ಕಾಂತಿಮಾನದ ಅನೇಕ ನಕ್ಷತ್ರಗಳನ್ನು ಆರಿಸಿ, ಅವುಗಳಿಂದ ದೂರ ಹೋದಂತೆ ಪಟ್ಟಿಯ ಕಾಯಗಳ ಸಾಂದ್ರತೆ ಹೇಗೆ ಬದಲಾಗುತ್ತದೆಂದು ಎಣಿಸುತ್ತಾರೆ. ನಮ್ಮ ಆಕಾಶಗಂಗೆಯ ನಕ್ಷತ್ರಕ್ಕೂ ಅದರಾಚೆ ಕೋಟ್ಯಂತರ ಜ್ಯೋತಿರ್ವರ್ಷ ದೂರದ ಗೆಲಾಕ್ಸಿಗಳಿಗೂ ಯಾವ ನಂಟೂ ಇಲ್ಲ. ಹೀಗಾಗಿ ನಕ್ಷತ್ರದ ಸುತ್ತ ಗೆಲಾಕ್ಸಿಗಳ ಎಣಿಕೆ ಹೆಚ್ಚಾದರೂ ಕಡಿಮೆಯಾದರೂ ಅದು ಚಿತ್ರದ ದೋಷವೇ. ಎಣಿಕೆ ಸಹಜ ಮಟ್ಟಕ್ಕೆ ಮರಳುವ ದೂರವೇ ಆ ಕಾಂತಿಮಾನಕ್ಕೆ ತಕ್ಕ ತ್ರಿಜ್ಯ. ಊಹೆಯಿಂದ ಒಂದು ವೃತ್ತ ಎಳೆಯುವುದಕ್ಕಿಂತ ಈ ವಿಧಾನ ಎಷ್ಟೋ ಮೇಲು. ಮುಳ್ಳುಗೆರೆಗಳಿಗೆ ವೃತ್ತದ ಜೊತೆ ಉದ್ದನೆಯ ಆಯತಗಳೂ ಬೇಕು. ಅವುಗಳ ದಿಕ್ಕು ಚಿತ್ರ ತೆಗೆದಾಗ ಉಪಕರಣ ತಿರುಗಿದ್ದ ಕೋನವನ್ನು ಅವಲಂಬಿಸುತ್ತದೆ.

2009ರ ಡಿಸೆಂಬರಿನಲ್ಲಿ ಉಡಾವಣೆಯಾದ, 40 ಸೆಂಟಿಮೀಟರ್ ದೂರದರ್ಶಕದ ವೈಸ್ ಉಪಗ್ರಹ 3.4, 4.6, 12 ಮತ್ತು 22 ಮೈಕ್ರಾನ್‌ಗಳಲ್ಲಿ ಇಡೀ ಆಕಾಶವನ್ನು ಚಿತ್ರಿಸಿತು. ಅದರ ಪಟ್ಟಿಯಲ್ಲಿ ಮುಳ್ಳುಗೆರೆ, ಉಳಿದ ಛಾಯೆ, ಪ್ರಭಾವಳಿ, ಸುಳ್ಳು ಬಿಂಬ ಪ್ರತಿಯೊಂದಕ್ಕೂ ಒಂದೊಂದು ರೋಮನ್ ಅಕ್ಷರವಿದೆ. ದೊಡ್ಡಕ್ಷರವಿದ್ದರೆ ಆ ಕಾಯವೇ ಹುಸಿಯಿರಬಹುದು; ಸಣ್ಣಕ್ಷರವಿದ್ದರೆ ಕಾಯ ನಿಜವಿದ್ದು, ಅದರ ಅಳತೆಗೆ ಮಾತ್ರ ಕಲಬೆರಕೆ ತಟ್ಟಿರಬಹುದು. ಈ ಭೇದ ಬಹಳ ಉಪಯುಕ್ತ: ಬಳಸುವವರು ತಮ್ಮ ಸಂಶೋಧನೆಗೆ ತಕ್ಕಂತೆ ಎಷ್ಟು ಕಟ್ಟುನಿಟ್ಟಾಗಿರಬೇಕೆಂದು ತಾವೇ ತೀರ್ಮಾನಿಸಬಹುದು.

ಮಾಸ್ಕ್ ಹಾಕಿದ ಜಾಗವನ್ನು ಸಮೀಕ್ಷೆಯ ವಿಸ್ತೀರ್ಣದಿಂದ ಕಳೆಯಲೇಬೇಕು. ಇಲ್ಲದಿದ್ದರೆ ಪ್ರತಿ ಚದರ ಡಿಗ್ರಿಗೆ ಇಷ್ಟು ಗೆಲಾಕ್ಸಿ ಎಂಬ ಲೆಕ್ಕ ಕಡಿಮೆ ಬರುತ್ತದೆ. ಗೆಲಾಕ್ಸಿಗಳು ಎಷ್ಟು ಗುಂಪುಗೂಡಿವೆ ಎಂದು ಅಳೆಯುವಾಗ ಹೋಲಿಕೆಗಾಗಿ ಯಾದೃಚ್ಛಿಕವಾಗಿ ಹರಡುವ ಕೃತಕ ಬಿಂದುಗಳಿಗೂ ಅದೇ ಮಾಸ್ಕ್ ಹಾಕಬೇಕು. ಇಲ್ಲವಾದರೆ ನಕ್ಷತ್ರಗಳು ಬಿಟ್ಟ ತೂತುಗಳೇ ವಿಶ್ವದ ರಚನೆಯಂತೆ ತೋರುತ್ತವೆ. ಆಕಾಶಗಂಗೆಯ ಸಮತಲದ ಬಳಿ, ವಿಶೇಷವಾಗಿ ಧನು ರಾಶಿಯ ಕಡೆ, ನಕ್ಷತ್ರಗಳು ಎಷ್ಟು ದಟ್ಟವೆಂದರೆ ಒಂದರ ಮಾಸ್ಕ್ ಇನ್ನೊಂದರ ಮೇಲೆ ಬೀಳುತ್ತದೆ. ದೂರದ ಗೆಲಾಕ್ಸಿಗಳ ಗಣನೆಯಲ್ಲಿ ಆಕಾಶದ ಆ ಭಾಗವನ್ನು ಸಾಮಾನ್ಯವಾಗಿ ಪೂರ್ತಿ ಕೈಬಿಡುತ್ತಾರೆ.